ದೂರದ ಪಾಠಕ್ಕೆ ಹತ್ತಿರದ ಗುರು

ಹರಪನಹಳ್ಳಿಯಲ್ಲೋ ಅದರ ಸುತ್ತಣ ಯಾವುದಾದರೊಂದು ಹಳ್ಳಿಯಲ್ಲೋ ಒಂದು ಮಾಳಿಗೆಯ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಆ ಮನೆಯಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಇದ್ದಾರೆ. ಅಜ್ಜ ಹುಟ್ಟಿದುದು 1945ರಲ್ಲಿ, ಮಗ 1975ರಲ್ಲಿ, ಮೊಮ್ಮಗಳು 2005ರಲ್ಲಿ. ಮೂವರೂ ಕಣ್ಣು ತೆರೆದುದು ಅದೇ ಸೂರಿನ ಕೆಳಗೆ, ಅದೇ ನಡುಮನೆಯಲ್ಲಿ. ಆದರೂ ಮೂವರ ಹುಟ್ಟೂರಿನ ವಿಳಾಸ ಮೂರು ಬಗೆಯದು!

"ಅಜ್ಜಾ, ನೀನು ಹುಟ್ಟಿದ್ದು ಯಾವ ಜಿಲ್ಲೆ?" ಎಂದು ಮೊಮ್ಮಗಳು ಕೇಳಿದಳೆನ್ನಿ.

"ಬಳ್ಳಾರಿ ಜಿಲ್ಲೆ, ತಾಯಿ. ಆದರೆ ಆಗ ನಮ್ಮ ಸರಕಾರ ಮದರಾಸಿನಲ್ಲಿತ್ತು."

"ಅಪ್ಪ?"

"ಅವನೂ ಬಳ್ಳಾರಿ ಜಿಲ್ಲೆಯವನೇ. ಅಷ್ಟು ಹೊತ್ತಿಗೆ ಕರ್ನಾಟಕ ಆಗಿತ್ತು."

"ಮತ್ತೆ ನಾನು?"

"ನೀನು ದಾವಣಗೆರೆ ಜಿಲ್ಲೆಯಾಕಿ!"

ಇದು ಒಗಟಲ್ಲ, ಈ ನಾಡಿನ ನಿಜವಾದ ಚರಿತ್ರೆ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನವನ್ನು ಸೇರಿದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೊಸ್ತಿಲನ್ನು ದಾಟದೆಯೇ ಆ ಅಜ್ಜನು ಇಷ್ಟೆಲ್ಲ ಪ್ರಯಾಣ ಮಾಡಿದ್ದಾನೆ.

ಮೊಮ್ಮಗಳು ಹತ್ತನೆಯ ತರಗತಿಯಲ್ಲಿದ್ದುದು 2020-21ರಲ್ಲಿ. ಶಾಲೆಯ ಬಾಗಿಲು ಮುಚ್ಚಿದ್ದಿತು. ಸಿಗ್ನಲ್ಲು ಸಿಗುವುದೆಂದು ಆಕೆ ಮಾಳಿಗೆಯನ್ನೇರಿ ಅಪ್ಪನ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಇತಿಹಾಸದ ಮೊದಲ ಪಾಠವು 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಹಿಡಿದ ಸಂಗತಿಯನ್ನು ಹೇಳುತ್ತದೆ. ಸಾವಿರಾರು ಮೈಲಿ ದೂರದ ಆ ನಗರವು ಮಾಳಿಗೆಯ ಮೇಲಿನ ಹುಡುಗಿಯ ಅಂಗೈಗೆ ಬಂದಿತು. ಕೆಳಗೆ ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜನ ಚರಿತ್ರೆ ಮಾತ್ರ ಮೆಟ್ಟಿಲು ಹತ್ತಿ ಮೇಲೆ ಬರಲಿಲ್ಲ.

ಮನೆಯಲ್ಲಿಯೇ ಕುಳಿತು ಕಲಿಯುವ ವಿದ್ಯೆಯ ಬಲವೂ ದೌರ್ಬಲ್ಯವೂ ಈ ಒಂದು ಚಿತ್ರದಲ್ಲಿಯೇ ಅಡಗಿವೆ. ಗಣಿತಕ್ಕೂ ವಿಜ್ಞಾನಕ್ಕೂ ಮನೆಪಾಠವನ್ನಾದರೂ ಹೇಳಿಸುವ ತಂದೆತಾಯಿಗಳು ಇತಿಹಾಸವನ್ನು ಬಾಯಿಪಾಠದ ವಿಷಯವೆಂದು ಎಣಿಸುತ್ತಾರೆ. ಆರೋಗ್ಯವನ್ನಂತೂ ಪಾಠವೆಂದೇ ಎಣಿಸುವುದಿಲ್ಲ. ಒಂದು ನಮ್ಮ ನೆಲದ ವಿಷಯ, ಇನ್ನೊಂದು ನಮ್ಮ ದೇಹದ ವಿಷಯ. ಅತ್ಯಂತ ಹತ್ತಿರದ ಈ ಎರಡು ವಿಷಯಗಳನ್ನು ಅತ್ಯಂತ ದೂರದಿಂದ ಕಲಿಸಹೊರಟಾಗ ಏನಾಯಿತು?

ತರಂಗದ ಮೇಲೆ ತೇಲಿಬಂದ ಪಾಠಶಾಲೆ

ದೂರದಿಂದ ಪಾಠ ಹೇಳುವ ವಿದ್ಯೆ ಹೊಸದೇನೂ ಅಲ್ಲ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಹತ್ತಾರು, ನೂರಾರು ಮೈಲಿಗಳ ಅಂತರವುಂಟು. ಅಲ್ಲಿನ ರೋಗಿಗಳಿಗಾಗಿ ವಿಮಾನದಲ್ಲಿ ಹಾರಿಬರುವ ವೈದ್ಯರ ಸಂಸ್ಥೆಯೊಂದಿದ್ದಿತು. ವೈದ್ಯರನ್ನು ಕರೆಯಲು ಮನೆಮನೆಗಳಲ್ಲಿ ರೇಡಿಯೋ ಯಂತ್ರಗಳಿದ್ದವು. ಅದೇ ಯಂತ್ರಗಳ ಮೂಲಕ ಮಕ್ಕಳಿಗೆ ಪಾಠವನ್ನೂ ಹೇಳಬಾರದೇಕೆ ಎಂಬ ಯೋಚನೆ ಹುಟ್ಟಿ, 1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 'ಆಕಾಶದ ಶಾಲೆ' ಆರಂಭವಾಯಿತು. ಆರೋಗ್ಯವೂ ಅಕ್ಷರವೂ ಒಂದೇ ಯಂತ್ರದಲ್ಲಿ ಮನೆಗೆ ಬಂದವು.

ನಮ್ಮ ದೇಶದ ಪ್ರಯೋಗವೂ ಸಣ್ಣದಲ್ಲ. 1975ರ ಆಗಸ್ಟ್ ತಿಂಗಳಿಂದ ಒಂದು ವರ್ಷದ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದುದು ಗುಲ್ಬರ್ಗ, ಬಿಜಾಪುರ ಮತ್ತು ತುಂಗಭದ್ರೆಯ ಆಚೆಯ ದಡದ ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯದ ಮಾತು. ಊರಿಗೆಲ್ಲ ಒಂದೇ ಪೆಟ್ಟಿಗೆ. ಅದರ ಮುಂದೆ ಊರವರೆಲ್ಲ ಸೇರಿ ಕುಳಿತು ನೋಡುತ್ತಿದ್ದರು. ಬಳಿಕ 2004ರಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹವು ಮೇಲೇರಿತು. 2017ರಲ್ಲಿ 'ಸ್ವಯಂ' ಮತ್ತು 'ದೀಕ್ಷಾ' ಎಂಬ ಅಂತರ್ಜಾಲದ ಪಾಠಕೋಶಗಳು ತೆರೆದವು.

ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ 1997ರಲ್ಲಿಯೇ ಅಂತರ್ಜಾಲದ ಶಾಲೆಯೊಂದು ಹುಟ್ಟಿದ್ದಿತು. ಇತಿಹಾಸವನ್ನಷ್ಟೇ ಅಲ್ಲ, ಆರೋಗ್ಯ ಮತ್ತು ವ್ಯಾಯಾಮವನ್ನು ಸಹ ಪ್ರೌಢಶಾಲೆಯ ಮಕ್ಕಳು ಅಲ್ಲಿ ಮನೆಯಲ್ಲಿ ಕುಳಿತೇ ಕಲಿಯುತ್ತಾರೆ. ಓಟವನ್ನು ಕುಳಿತು ಕಲಿಯುವುದೆಂದರೆ ನಗು ಬರಬಹುದು. ಆದರೆ 2020ರಲ್ಲಿ ಲೋಕವೆಲ್ಲ ಹಾಗೆಯೇ ಕಲಿಯಬೇಕಾಗಿ ಬಂದಿತು.

ಬಾಗಿಲು ಮುಚ್ಚಿದ ವರ್ಷ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ಭಯದಿಂದ ಕರ್ನಾಟಕದ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳನ್ನು ಪ್ರಸಾರ ಮಾಡಲು ತೊಡಗಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಯೋಜನೆ ಬಂದಿತು. ಮಕ್ಕಳು ಶಾಲೆಗೆ ಹೋಗಲಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಬರಲಿ ಎಂಬುದು ಅದರ ತತ್ತ್ವ. ಉಪಾಧ್ಯಾಯರು ಹಳ್ಳಿಹಳ್ಳಿಗೆ ಹೋಗಿ, ಗುಡಿಯ ಪೌಳಿಯಲ್ಲಿ, ಮರದ ನೆರಳಿನಲ್ಲಿ, ಜಗಲಿಯ ಮೇಲೆ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಸೋಂಕು ಹರಡುವ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. 2021ರ ಜನವರಿ 1ರಂದು ಹತ್ತನೆಯ ತರಗತಿಯವರಿಗೆ ಶಾಲೆ ತೆರೆಯಿತು. ಎರಡನೆಯ ಅಲೆ ಬಂದೊಡನೆ ಮತ್ತೆ ಮುಚ್ಚಿತು. ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಬಾಗಿಲು ಮರಳಿ ತೆರೆದುದು ಆ ವರ್ಷದ ಆಗಸ್ಟ್ 23ರಂದು.

ಈ ಕಾಲದಲ್ಲಿ ಪಾಠ ಯಾರ ಮನೆಯನ್ನು ತಲುಪಿತು? ರಾಷ್ಟ್ರೀಯ ಮಾದರಿ ಸಮೀಕ್ಷೆಯು 2017-18ರಲ್ಲಿ ಲೆಕ್ಕ ಹಾಕಿದಂತೆ, ಭಾರತದ ಗ್ರಾಮೀಣ ಭಾಗದ ನೂರು ಮನೆಗಳಲ್ಲಿ ಅಂತರ್ಜಾಲದ ಸೌಲಭ್ಯವಿದ್ದುದು ಸುಮಾರು ಹದಿನೈದಕ್ಕೆ. ಕಂಪ್ಯೂಟರು ಇದ್ದುದು ನಾಲ್ಕಕ್ಕೆ. ಇದ್ದ ಒಂದು ಮೊಬೈಲಾದರೂ ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುವ ವಸ್ತು. ಸಂಜೆ ಅದು ಮನೆಗೆ ಬಂದರೆ ಮೊದಲು ಗಂಡುಮಗನ ಕೈಗೆ. ಮಗಳ ಸರದಿ ರೊಟ್ಟಿ ಬಡಿದು, ಪಾತ್ರೆ ತೊಳೆದ ಮೇಲೆ. ಅಷ್ಟು ಹೊತ್ತಿಗೆ ಡಾಟಾ ಮುಗಿದಿರುತ್ತದೆ, ಇಲ್ಲವೆ ಬ್ಯಾಟರಿ.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಮಳೆ ನಂಬಿದ ಹಳ್ಳಿಗಳಿಗೂ ತಾಂಡಾಗಳಿಗೂ ಇನ್ನೊಂದು ಕಷ್ಟವುಂಟು. ಸುಗ್ಗಿ ಮುಗಿದ ಮೇಲೆ ಅನೇಕ ಸಂಸಾರಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತವೆ. ಅಂಗೈಯಲ್ಲಿನ ಪಾಠಶಾಲೆ ಇಂತಹ ಮಗುವಿನ ಜೊತೆಯಲ್ಲಿಯೇ ಪ್ರಯಾಣ ಮಾಡಬಲ್ಲುದು. ಯಾರಿಗೆ ಅದು ಹೆಚ್ಚು ಉಪಕಾರಿಯೋ ಅವರಿಗೇ ಅದನ್ನು ಕೊಳ್ಳುವ ಶಕ್ತಿ ಇಲ್ಲದಿರುವುದು ಕಾಲದ ವಿಪರ್ಯಾಸ.

ಇತಿಹಾಸವೆಂಬ ಮನೆಯ ಲೆಕ್ಕ

2021ರ ಜುಲೈ 19ರಂದು ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಸೇರಿ ಒಂದೇ ದಿನ, ಒಂದೇ ಪತ್ರಿಕೆ. ವಿಷಯಕ್ಕೆ ನಲವತ್ತು ಪ್ರಶ್ನೆ. ಸರಿಯುತ್ತರದ ಮುಂದಿನ ಸೊನ್ನೆಗೆ ಮಸಿ ತುಂಬಿದರಾಯಿತು. ಆ ಸಂಕಟದ ಹೊತ್ತಿನಲ್ಲಿ ಅದಕ್ಕಿಂತ ಬೇರೆ ಉಪಾಯವಿದ್ದಿತೆಂದು ಹೇಳುವುದು ಸುಲಭವಲ್ಲ. ಆದರೆ ಮನುಷ್ಯರ ಸುಖದುಃಖಗಳ ಕಥೆಯಾದ ಇತಿಹಾಸವು ಒಂದು ಕಪ್ಪು ಚುಕ್ಕೆಯಷ್ಟು ಚಿಕ್ಕದಾದುದು ನಿಜ.

ಹಾಗಾಗಬೇಕಾಗಿರಲಿಲ್ಲ, ಏಕೆಂದರೆ ಈ ಸೀಮೆಯಲ್ಲಿ ಇತಿಹಾಸಕ್ಕೆ ಬರವಿಲ್ಲ. ಹರಪನಹಳ್ಳಿಯಿಂದ ಕೆಲವೇ ಮೈಲಿ ದೂರದ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯಿದೆ. ರಾಷ್ಟ್ರಕೂಟರ ಕಾಲ ಮುಗಿದು ಕಲ್ಯಾಣದ ಚಾಲುಕ್ಯರ ಕಾಲ ಮೊದಲಾದ ಹತ್ತನೆಯ ಶತಮಾನದ ಸಂಧಿಯನ್ನು ಅಲ್ಲಿನ ಕಲ್ಲುಗಳೇ ಹೇಳುತ್ತವೆ. ನೀಲಗುಂದದಲ್ಲಿ ಭೀಮೇಶ್ವರನ ಗುಡಿ; ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ, ತುಂಗಭದ್ರೆಯ ದಡದ ಮೇಲೆ, ಮಲ್ಲಿಕಾರ್ಜುನನ ಗುಡಿ. ನೊಳಂಬರ ನಾಡಿನ ಹೆಸರಾಂತ ಕೋಟೆ ಉಚ್ಚಂಗಿದುರ್ಗ ಇದೇ ತಾಲ್ಲೂಕಿನಲ್ಲಿದೆ. ಯಲ್ಲಮ್ಮನ ಜಾತ್ರೆಗೆಂದು ಆ ಮೆಟ್ಟಿಲುಗಳನ್ನು ಏರದ ಮಕ್ಕಳು ಇಲ್ಲಿ ಕಡಿಮೆ. ಏರಿದ ಎಷ್ಟು ಮಕ್ಕಳಿಗೆ, ತಾವು ಮೆಟ್ಟಿದುದು ಪಠ್ಯಪುಸ್ತಕದ ಒಂದು ಪುಟವೆಂದು ಯಾರಾದರೂ ಹೇಳಿದ್ದಾರೆ?

ಇನ್ನು ಸಮೀಪದ ಕಾಲಕ್ಕೆ ಬರೋಣ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ದತ್ತವಾಗಿ ಬಂದ ಜಿಲ್ಲೆಗಳ ಆಡಳಿತಕ್ಕೆ ನಿಂತವನು ಥಾಮಸ್ ಮನ್ರೋ. ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಆತ ಈ ನೆಲದಲ್ಲಿ ರೂಢಿಸಿದನು. 'ರೈತವಾರಿ ಪದ್ಧತಿ ಎಂದರೇನು?' ಎಂಬುದು ಪರೀಕ್ಷೆಯ ಪ್ರಶ್ನೆ. ಆ ಪದ್ಧತಿ ನಡೆದುದು ತನ್ನ ಮುತ್ತಜ್ಜನ ಮುತ್ತಜ್ಜನ ಹೊಲದಲ್ಲಿ ಎಂದು ತಿಳಿದ ಮಗುವಿಗೆ ಅದನ್ನು ಬಾಯಿಪಾಠ ಮಾಡುವ ಅಗತ್ಯವುಂಟೆ?

ಇತಿಹಾಸ ಅನ್ನ ಕೊಡುತ್ತದೆಯೇ ಎಂದು ಕೇಳುವವರಿಗೂ ಇಲ್ಲಿ ಉತ್ತರವಿದೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದು, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಜಿಲ್ಲೆಗಳ ಮಕ್ಕಳಿಗೆ ಆ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ಎಪ್ಪತ್ತು ಸ್ಥಾನಗಳು ಮೀಸಲಾದವು. ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿದ್ದಿತು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಇರಲಿಲ್ಲ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆಯೇ ಇಲ್ಲಿನ ಮಕ್ಕಳಿಗೆ ಆ ಬಾಗಿಲು ತೆರೆಯಿತು. ನಮ್ಮ ಕಥೆಯ ಮೊಮ್ಮಗಳು ಕಾಲೇಜಿನ ಅರ್ಜಿಗೆ 'ಸ್ಥಳೀಯ ವ್ಯಕ್ತಿ' ಎಂಬ ಪ್ರಮಾಣಪತ್ರವನ್ನು ಹಚ್ಚುವಾಗ, ಅಜ್ಜನ ಜಿಲ್ಲೆಯ ಕಥೆಯೇ ಅವಳ ಸೀಟಿನ ಕಥೆಯಾಗುತ್ತದೆ.

ಆರೋಗ್ಯದ ಪಾಠ, ಆರೋಗ್ಯದ ಊಟ

ಆರೋಗ್ಯದ ವಿಷಯದಲ್ಲಿ ಕಾಲವು ವಿಚಿತ್ರವಾದ ಆಟವನ್ನಾಡಿತು. 2020ರ ಫೆಬ್ರವರಿಯಲ್ಲಿ, ಮಹಾಮಾರಿಗೆ ಸ್ವಲ್ಪವೇ ಮುಂಚೆ, ಕೇಂದ್ರ ಸರಕಾರವು ಶಾಲೆಗಳಿಗಾಗಿ ಆರೋಗ್ಯ ಮತ್ತು ಯೋಗಕ್ಷೇಮದ ಕಾರ್ಯಕ್ರಮವೊಂದನ್ನು ಆರಂಭಿಸಿತು. ಪ್ರತಿ ಶಾಲೆಯಲ್ಲಿ ಇಬ್ಬರು ಉಪಾಧ್ಯಾಯರು ಆರೋಗ್ಯದ ರಾಯಭಾರಿಗಳು, ವಾರಕ್ಕೊಂದು ತಾಸು, ಹನ್ನೊಂದು ವಿಷಯಗಳು. ಬೆಳೆಯುವ ದೇಹ, ಮನಸ್ಸಿನ ನೆಮ್ಮದಿ, ಪೌಷ್ಟಿಕ ಆಹಾರ, ಗಂಡುಹೆಣ್ಣಿನ ಸಮಾನತೆ, ಮಾದಕ ವಸ್ತುಗಳಿಂದ ದೂರವಿರುವುದು ಮೊದಲಾದುವು ಅವುಗಳಲ್ಲಿ ಸೇರಿವೆ. ಅಂತರ್ಜಾಲವನ್ನು ಸುರಕ್ಷಿತವಾಗಿ ಬಳಸುವುದೂ ಒಂದು ವಿಷಯ. ಯೋಜನೆ ಹೊರಟ ತಿಂಗಳೊಪ್ಪತ್ತಿನಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳೆಲ್ಲ ಅಂತರ್ಜಾಲದ ಮುಂದೆ ಕುಳಿತರು!

ಕುಳಿತೇ ಇರುವುದೂ ರೋಗವೆಂದು ಆಳುವವರು ಅರಿತಿದ್ದರು. 2020ರ ಜುಲೈ ತಿಂಗಳಲ್ಲಿ ಕೇಂದ್ರವು ಹೊರಡಿಸಿದ 'ಪ್ರಜ್ಞಾತ' ಸೂತ್ರಗಳ ಪ್ರಕಾರ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಠ ಕೂಡದು. ಒಂದೊಂದೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮಾತ್ರ. ಅದೇ ತಿಂಗಳಲ್ಲಿ ಮಕ್ಕಳ ಮನಸ್ಸಿನ ದುಗುಡಕ್ಕೆ ಕಿವಿಗೊಡಲು 'ಮನೋದರ್ಪಣ' ಎಂಬ ವ್ಯವಸ್ಥೆಯಾಯಿತು. 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಎಂಬ ಸೇವೆಯೂ ಇದೆ. 14416ಕ್ಕೆ ಫೋನು ಮಾಡಿದರೆ ಮನಸ್ಸಿನ ಮಾತನ್ನು ಕೇಳುವವರು ದೊರೆಯುತ್ತಾರೆ. ಇವೆಲ್ಲ ದೂರದಿಂದಲೇ ಆಗಬಲ್ಲ ಉಪಕಾರಗಳು. ಮುಖ ತೋರಿಸಲು ನಾಚುವ ಹುಡುಗನೋ ಹುಡುಗಿಯೋ ಫೋನಿನಲ್ಲಿ ಬಾಯಿಬಿಡುವುದುಂಟು.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಶಾಲೆಯು ಆರೋಗ್ಯವನ್ನು ಕಲಿಸುತ್ತಿದ್ದುದು ಪುಸ್ತಕದಿಂದಲ್ಲ. ಮಧ್ಯಾಹ್ನದ ಬಿಸಿಯೂಟವೇ ಪೌಷ್ಟಿಕ ಆಹಾರದ ಪಾಠ. ವಾರಕ್ಕೊಮ್ಮೆ ಉಪಾಧ್ಯಾಯಿನಿಯು ಎದುರು ನಿಂತು ನುಂಗಿಸುತ್ತಿದ್ದ ಕಬ್ಬಿಣಾಂಶದ ಗುಳಿಗೆಯೇ ರಕ್ತಹೀನತೆಯ ಪಾಠ. ಹಳ್ಳಿಯಿಂದ ಹೈಸ್ಕೂಲಿಗೆ ಗೆಳತಿಯರ ಜೊತೆ ನಡೆದುಬರುತ್ತಿದ್ದುದೇ ವ್ಯಾಯಾಮದ ಪಾಠ, ಮನೋಲ್ಲಾಸದ ಪಾಠ. ಶಾಲೆ ಮುಚ್ಚಿದಾಗ ಬಿಸಿಯೂಟ ನಿಂತು, ಮನೆಗೆ ಅಕ್ಕಿ ಬೇಳೆಗಳು ಬಂದವು. ಅಕ್ಕಿ ಮನೆಗೆ ಬಂದರೆ ಅದು ಮನೆಮಂದಿಯ ಅಕ್ಕಿ. ಬೆಳೆಯುವ ಹುಡುಗಿಯ ತಟ್ಟೆಗೆ ಬೀಳುವ ಪಾಲು ಎಷ್ಟೆಂದು ತಾಯಂದಿರಿಗೆ ಗೊತ್ತು. 'ಸಮತೋಲನ ಆಹಾರ'ವೆಂಬ ಪಾಠವನ್ನು ಮೊಬೈಲು ತಂದೀತು; ಆಹಾರವನ್ನು ತಾರದು.

ನೀರಿನ ಮಾತೂ ಹೀಗೆಯೇ. ಈ ಸೀಮೆಯ ಒಣ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳೂ ಬಿಗಿಯುತ್ತವೆ. ಬೆಂಗಳೂರಿನಲ್ಲಿ ಕ್ಯಾಮೆರಾದ ಮುಂದೆ ನಿಂತ ಉಪಾಧ್ಯಾಯರು 'ಶುದ್ಧ ನೀರನ್ನು ಕುಡಿಯಿರಿ' ಎಂದು ಹೇಳಬಲ್ಲರು. ಯಾವ ಓಣಿಯ ಬೋರಿನ ನೀರು ಕುಡಿಯಲು ಯೋಗ್ಯ, ಯಾವುದು ಪಾತ್ರೆ ತೊಳೆಯಲಿಕ್ಕಷ್ಟೇ ಎಂದು ಹೇಳಬಲ್ಲವರು ಊರಿನವರೇ.

ಎಲ್ಲಕ್ಕಿಂತ ದೊಡ್ಡ ಅಪಾಯವೊಂದುಂಟು. ಶಾಲೆಗೆ ಹೋಗದ ಹದಿನೈದರ ಹುಡುಗಿ ಮನೆಯಲ್ಲಿದ್ದರೆ ನೆಂಟರಿಷ್ಟರ ಬಾಯಲ್ಲಿ ಮದುವೆಯ ಮಾತು ಹುಟ್ಟುತ್ತದೆ. ಹದಿನೆಂಟು ತುಂಬುವ ಮುನ್ನ ಹೆಣ್ಣಿಗೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ. 1098ಕ್ಕೆ ಫೋನು ಮಾಡಿದರೆ ಮಕ್ಕಳ ಸಹಾಯವಾಣಿಯವರು ಧಾವಿಸುತ್ತಾರೆ. ಆದರೆ ಆ ಫೋನನ್ನು ಮಾಡುವವರು ಯಾರು? ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಎರಡು ದಿನ ಗೈರುಹಾಜರಿ ಬಿದ್ದೊಡನೆ 'ಏಕೆ ಬಂದಿಲ್ಲ?' ಎಂದು ಕೇಳುವ ಉಪಾಧ್ಯಾಯಿನಿ. ಅಂತರ್ಜಾಲದ ಪಾಠದಲ್ಲಿ ಗೈರುಹಾಜರಾದವಳನ್ನು ನೆಟ್‌ವರ್ಕ್ ಸಿಗಲಿಲ್ಲವೇನೋ ಎಂದು ಮರೆತುಬಿಡುತ್ತೇವೆ.

ಎರಡು ಕೈ ಸೇರಿದರೆ

ಹಾಗಾದರೆ ದೂರದ ಪಾಠವೇ ಬೇಡವೆ? ಹಾಗೆ ಹೇಳುವುದು ಅವಿವೇಕ. ಒಮ್ಮೆ ತಿಳಿಯದ ಪಾಠವನ್ನು ಮೂರು ಬಾರಿ ಕೇಳಬಹುದು. ಮನುಷ್ಯರಿಗಿಲ್ಲದ ಈ ತಾಳ್ಮೆ ಯಂತ್ರಕ್ಕಿದೆ. ಬಾಗಳಿಯ ಮಕ್ಕಳು ಹಂಪೆಯನ್ನೂ ಬಾದಾಮಿಯನ್ನೂ ಕುಳಿತಲ್ಲಿಯೇ ನೋಡಬಹುದು. ಓದು ಅರ್ಧಕ್ಕೇ ನಿಂತವರಿಗಂತೂ ಇದು ಎರಡನೆಯ ಜನ್ಮವಿದ್ದಂತೆ. 1989ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದ ಯಾರೇ ಆಗಲಿ ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯಗಳನ್ನು ಐದು ವರ್ಷಗಳ ಅವಧಿಯಲ್ಲಿ, ಒಂಬತ್ತು ಬಾರಿಯ ಅವಕಾಶದಲ್ಲಿ, ಒಂದೊಂದಾಗಿ ಮುಗಿಸಬಹುದು. ಗುಳೆ ಹೋದ ಹುಡುಗನಿಗೂ ಓದು ಬಿಟ್ಟ ಸೊಸೆಗೂ ಇಂತಹ ಬಾಗಿಲುಗಳಿವೆಯೆಂದು ತಿಳಿಸುವುದೇ ಒಂದು ಪುಣ್ಯಕಾರ್ಯ.

ಬೇಕಾದುದು ಇಷ್ಟೆ: ದೂರದಿಂದ ಬರುವ ಪ್ರತಿ ಪಾಠಕ್ಕೂ ಹತ್ತಿರದಲ್ಲಿ ಒಬ್ಬ ಗುರು ಇರಬೇಕು. ಆತ ಪಂಡಿತನಾಗಬೇಕಾಗಿಲ್ಲ. ಇತಿಹಾಸದ ಪಾಠ ಮುಗಿದೊಡನೆ ಮನೆಯಲ್ಲಿ ಕೇಳಿ ಬರೆಯುವ ಒಂದು ಪ್ರಶ್ನೆಯನ್ನು ಕೊಟ್ಟರೆ ಸಾಕು: 'ನಿಮ್ಮ ಮನೆಯ ಹಳೆಯ ಕಂದಾಯದ ರಸೀದಿಯಲ್ಲಿ ಯಾವ ಜಿಲ್ಲೆಯ ಹೆಸರಿದೆ?' 'ನಿಮ್ಮೂರ ಗುಡಿಯ ಮುಂದಿನ ಕಲ್ಲಿನ ಮೇಲೆ ಏನು ಕೆತ್ತಿದ್ದಾರೆ?' ಆರೋಗ್ಯದ ಪಾಠ ಮುಗಿದೊಡನೆ ಅಳೆದು ಬರೆಯುವ ಒಂದು ಕೆಲಸ: ನಾಡಿಯ ಬಡಿತ ಕುಳಿತಾಗ ಎಷ್ಟು, ಕೆರೆಯ ಏರಿಯ ಮೇಲೆ ಓಡಿಬಂದಾಗ ಎಷ್ಟು? ಈ ವಾರ ತಟ್ಟೆಗೆ ಸೊಪ್ಪು ಎಷ್ಟು ದಿನ ಬಿತ್ತು? ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ಮೊಬೈಲಿನಲ್ಲಿ ಹುಡುಕಲು ಬರುವುದಿಲ್ಲ. ಮಗು ಎದ್ದು ಹೋಗಿ ಮನುಷ್ಯರನ್ನೇ ಕೇಳಬೇಕು, ತನ್ನ ದೇಹವನ್ನೇ ಕೇಳಬೇಕು.

2020ರ ಆಗಸ್ಟಿನಲ್ಲಿ ಮರದ ನೆರಳಿಗೆ ಹೋಗಿ ಪಾಠ ಹೇಳಿದ ಉಪಾಧ್ಯಾಯರು ಮಾಡಿದುದು ಇದನ್ನೇ. ಅವರ ಕೈಯಲ್ಲಿ ಮೊಬೈಲಿದ್ದಿತು, ಮುಂದೆ ಮಕ್ಕಳಿದ್ದರು. ಎರಡೂ ಇದ್ದುದರಿಂದ ಅದು ಶಾಲೆಯಾಯಿತು.

ಮಾಳಿಗೆಯ ಮೇಲಿನ ಹುಡುಗಿ ಒಂದು ಸಂಜೆ ಬ್ಯಾಟರಿ ಮುಗಿದ ಮೊಬೈಲನ್ನು ಹಿಡಿದು ಕೆಳಗಿಳಿದಳೆಂದು ಭಾವಿಸೋಣ. ಕೈಯಲ್ಲಿ ನೋಟುಬುಕ್ಕು. ಪಡಸಾಲೆಯಲ್ಲಿ ಅಜ್ಜ.

"ಅಜ್ಜಾ, ಮದರಾಸಿನ ಸರಕಾರ ಹೋದ ದಿನ ನೀನು ಎಷ್ಟು ದೊಡ್ಡವನಿದ್ದೆ?"

ಅಜ್ಜನ ಮುಖ ಅರಳುತ್ತದೆ. ಎಷ್ಟೋ ವರ್ಷಗಳಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು.

"ಕೂತ್ಕೋ ತಾಯಿ, ಹೇಳ್ತೀನಿ. ಆಗ ನನಗೆ ಎಂಟು ವರ್ಷ..."